ಮೂರನೆಯ ಸಾಲಿನ ಪ್ರಶ್ನೆ

34 ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದವನಿಗೆ ವೇದಿಕೆಯ ಅಂಜಿಕೆ ಇರುವುದಿಲ್ಲ. ಇರಬೇಕಾದಷ್ಟು ಕೂಡ ಇರುವುದಿಲ್ಲ. 2019ರ ಡಿಸೆಂಬರಿನಲ್ಲಿ ನಮ್ಮ ಪಟ್ಟಣದ ಸಮುದಾಯ ಭವನದಲ್ಲಿ ‘ಸಂಗ್ರಹ ಮತ್ತು ಸದ್ವಿನಿಯೋಗ’ ಎಂಬ ವಿಷಯವಾಗಿ ಮಾತನಾಡಬೇಕೆಂದು ಕರೆ ಬಂದಾಗ ಮರುಯೋಚನೆಯಿಲ್ಲದೆ ಒಪ್ಪಿಕೊಂಡೆ. ಈ ವಿಷಯವಾಗಿ ಹೇಳಬೇಕಾದುದನ್ನೆಲ್ಲ ಹಿರಿಯರು ಹೇಳಿಯಾಗಿದೆ, ನಾನಾದರೂ ಹೊಸದೊಂದನ್ನು ಹೇಳಬೇಕು ಎಂಬ ಚಪಲ ನನ್ನಲ್ಲಿತ್ತು. ಆ ದಿನಗಳಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಒಂದು ಬಗೆಯ ಗೆಲಾಕ್ಸಿಗಳ ವಿಷಯ ಓದಿದ್ದೆ. ಅವುಗಳಲ್ಲಿ ನಕ್ಷತ್ರಗಳಿಗೆ ಮೂಲದ್ರವ್ಯವಾದ ಜಲಜನಕ ಅನಿಲ ಹೇರಳವಾಗಿದೆಯಂತೆ. ಆದರೂ ಹೊಸ ನಕ್ಷತ್ರಗಳು ಹುಟ್ಟುವುದು ತೀರ ವಿರಳವಂತೆ. ನನಗೆ ಬೇಕಾಗಿದ್ದ ಉಪಮೆ ಸಿಕ್ಕಿತು.

ಅಂದು ಆಡಿದ ಮಾತುಗಳು ಈಗಲೂ ನೆನಪಿನಲ್ಲಿವೆ. ‘ಕಣಜ ತುಂಬಿದ್ದರೂ ಒಲೆ ಹೊತ್ತಿಸದ ಮನೆ ಅದು. ಆಕಾಶದಲ್ಲಿಯೂ ಲೋಭಿಗಳಿದ್ದಾರೆ!’ ಎಂದೆ. ಸಭೆ ನಕ್ಕಿತು. ನಗು ಕೇಳಿದ ಭಾಷಣಕಾರ ಅಲ್ಲಿಗೇ ನಿಲ್ಲುವುದುಂಟೇ? ‘ದೂರ ಹೋಗುವುದೇಕೆ, ನಮ್ಮ ಕುಟುಂಬಗಳಲ್ಲಿಯೂ ಇಂತಹ ಗೆಲಾಕ್ಸಿಗಳಿವೆ. ಬುದ್ಧಿ, ವಿದ್ಯೆ, ಅವಕಾಶ ಎಲ್ಲವೂ ತುಂಬಿ ತುಳುಕುತ್ತಿದ್ದರೂ ಒಂದು ದೀಪವನ್ನೂ ಹಚ್ಚದೆ ಆಯುಷ್ಯ ಕಳೆದವರು’ ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಆ ಮಾತನ್ನು ಯಾರನ್ನು ನೆನೆದು ಆಡಿದೆನೋ ಅವನು ಮೂರನೆಯ ಸಾಲಿನಲ್ಲಿ ಕುಳಿತಿದ್ದ. ಅವನು ನನ್ನ ತಮ್ಮ.

ಅವನ ವಿಷಯ ಸ್ವಲ್ಪ ಹೇಳಬೇಕು. ನನಗಿಂತ ಆರು ವರ್ಷ ಚಿಕ್ಕವನು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಚಿನ್ನದ ಪದಕ ಪಡೆದ. ಮುಂಬಯಿಯ ಸಂಶೋಧನಾಲಯವೊಂದರಿಂದ ಕರೆ ಬಂತು, ಅವನು ಹೋಗಲಿಲ್ಲ. ಹಳ್ಳಿಯಲ್ಲಿಯೇ ಉಳಿದು ನಾಲ್ಕು ಎಕರೆ ಅಡಿಕೆ ತೋಟ ನೋಡಿಕೊಂಡ, ಹಾಸಿಗೆ ಹಿಡಿದ ತಂದೆಯವರ ಶುಶ್ರೂಷೆ ಮಾಡಿದ, ಸಂಜೆ ಜಗಲಿಯ ಮೇಲೆ ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ. ಒಂದು ಲೇಖನ ಬರೆಯಲಿಲ್ಲ, ಒಂದು ಹುದ್ದೆ ಹಿಡಿಯಲಿಲ್ಲ. ನಮ್ಮ ಬಂಧುವರ್ಗದಲ್ಲಿ ಅವನ ಹೆಸರು ಬಂದಾಗಲೆಲ್ಲ ಒಂದು ನಿಟ್ಟುಸಿರು ಬರುತ್ತಿತ್ತು. ಅದರಲ್ಲಿ ನನ್ನ ಪಾಲು ದೊಡ್ಡದು.

ಸಭೆ ಮುಗಿದ ಮೇಲೆ ಅವನನ್ನು ಬಸ್ ನಿಲ್ದಾಣದವರೆಗೆ ಬೀಳ್ಕೊಡಲು ಹೋದೆ. ದಾರಿಯುದ್ದಕ್ಕೂ ಅಡಿಕೆಯ ಧಾರಣೆ, ಕೊಳೆರೋಗ, ಮಗಳ ಪರೀಕ್ಷೆ ಇವೇ ಮಾತು. ಬಸ್ಸು ಕಂಡಾಗ ಅವನು ಹೇಳಿದ: ‘ಅಣ್ಣ, ಉಪನ್ಯಾಸ ಚೆನ್ನಾಗಿತ್ತು. ಆದರೆ ಅನಿಲ ಅಷ್ಟಿದ್ದೂ ಅಲ್ಲಿ ನಕ್ಷತ್ರ ಏಕೆ ಹುಟ್ಟುವುದಿಲ್ಲ ಎಂಬುದನ್ನು ನೀನು ಹೇಳಲೇ ಇಲ್ಲ.’ ಸಮಯ ಸಾಲಲಿಲ್ಲ ಎಂದೆ. ಅದು ಸುಳ್ಳು. ನನಗೆ ಕಾರಣ ತಿಳಿದಿರಲಿಲ್ಲ. ಕಾರಣವೊಂದಿರಬಹುದು ಎಂಬ ಯೋಚನೆಯೇ ಬಂದಿರಲಿಲ್ಲ ಎಂದರೆ ಹೆಚ್ಚು ಸರಿ.

ಮರುವರ್ಷ ಮಾರ್ಚಿನಲ್ಲಿ ಕೊರೋನಾ ಕಾರಣ ಊರೆಲ್ಲ ಬಾಗಿಲು ಹಾಕಿತು. ಆ ತಿಂಗಳುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳುಹಿಸಿದ ಪುಸ್ತಕ, ಪ್ರಬಂಧಗಳನ್ನು ಮುಂದಿಟ್ಟುಕೊಂಡು ತಮ್ಮನ ಪ್ರಶ್ನೆಗೆ ಉತ್ತರ ಹುಡುಕತೊಡಗಿದೆ. ಕಲಿತದ್ದನ್ನು ವಾಚಕರ ಮುಂದಿಡುತ್ತೇನೆ. ಸ್ವಲ್ಪ ದೀರ್ಘವಾದರೆ ಅಧ್ಯಾಪಕನ ಅಭ್ಯಾಸವೆಂದು ಕ್ಷಮಿಸಬೇಕು.

ಮೊದಲನೆಯದಾಗಿ, ಕಣ್ಣಿಗೆ ಕಾಣದ ಅನಿಲ ಅಲ್ಲಿದೆ ಎಂದು ತಿಳಿಯುವುದು ಹೇಗೆ? ಜಲಜನಕದ ಪರಮಾಣುವಿನಲ್ಲಿ ಒಂದು ಪ್ರೋಟಾನು, ಒಂದು ಇಲೆಕ್ಟ್ರಾನು. ಎರಡಕ್ಕೂ ಬುಗುರಿಯಂತಹ ಸ್ವಭ್ರಮಣವುಂಟು. ಎರಡು ಬುಗುರಿಗಳು ಒಂದೇ ದಿಕ್ಕಿಗಿದ್ದು, ಇಲೆಕ್ಟ್ರಾನು ಒಮ್ಮೆ ತಲೆಕೆಳಗಾದರೆ 21 ಸೆಂಟಿಮೀಟರ್ ಉದ್ದದ ಒಂದು ರೇಡಿಯೊ ಅಲೆ ಹೊರಡುತ್ತದೆ. ಒಂಟಿ ಪರಮಾಣುವೊಂದು ತಾನಾಗಿ ಹೀಗೆ ಮಗುಚಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದರೆ ಗೆಲಾಕ್ಸಿಯಲ್ಲಿ ಪರಮಾಣುಗಳು ಎಣಿಕೆಗೆ ಮೀರಿದಷ್ಟಿರುವುದರಿಂದ ಪ್ರತಿ ಕ್ಷಣವೂ ಅವುಗಳಲ್ಲಿ ಎಷ್ಟೋ ಮಗುಚುತ್ತಿರುತ್ತವೆ. ಹಾಲೆಂಡಿನ ವಾನ್ ಡೆ ಹುಲ್ಸ್ಟ್ 1944ರಲ್ಲಿ ಈ ಅಲೆ ಸಿಕ್ಕೀತೆಂದು ಲೆಕ್ಕ ಹಾಕಿದರು. 1951ರಲ್ಲಿ ಹಾರ್ವರ್ಡಿನ ಯೂಅನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಅಂದಿನಿಂದ ಅನಿಲವನ್ನು ತೂಗಲು ಖಗೋಳವಿಜ್ಞಾನಿಗಳಿಗೆ ಒಂದು ತಕ್ಕಡಿ ದೊರೆತಂತಾಯಿತು. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ, ಪುಣೆಯಿಂದ ನಾಸಿಕಕ್ಕೆ ಹೋಗುವ ದಾರಿಯ ನಾರಾಯಣಗಾಂವದ ಬಳಿ ಖೋಡದ ಎಂಬ ಹಳ್ಳಿಯಿದೆ. ಅಲ್ಲಿ ಗೋವಿಂದ ಸ್ವರೂಪರ ನೇತೃತ್ವದಲ್ಲಿ ನಿರ್ಮಾಣವಾದ, ತಲಾ 45 ಮೀಟರ್ ವ್ಯಾಸದ 30 ಬೋಗುಣಿಗಳು ಇಂದಿಗೂ ಈ ಅಲೆಯನ್ನು ಆಲಿಸುತ್ತಿವೆ.

ಎರಡನೆಯ ಸಂಗತಿ ನನ್ನನ್ನು ಹೆಚ್ಚು ಕಾಡಿತು. ಇಂತಹ ಗೆಲಾಕ್ಸಿಗಳು ಬಹುಕಾಲ ನಮ್ಮ ಪಟ್ಟಿಗಳಲ್ಲಿಯೇ ಇರಲಿಲ್ಲ. ಚಂದ್ರನಿಲ್ಲದ, ಊರದೀಪಗಳಿಲ್ಲದ ಕಗ್ಗತ್ತಲೆಯ ರಾತ್ರಿಯಲ್ಲಿಯೂ ಆಕಾಶ ಪೂರ್ಣ ಕಪ್ಪಲ್ಲ. ಮೇಲಿನ ವಾಯುಮಂಡಲವೇ ಮಿಣುಕಾಗಿ ಹೊಳೆಯುತ್ತದೆ, ಗ್ರಹಗಳ ನಡುವಿನ ಧೂಳು ಸೂರ್ಯನ ಬೆಳಕನ್ನು ಚೆದರಿಸುತ್ತದೆ. ಈ ಹೊಳಪಿಗಿಂತ ಮಸಕಾದ ಗೆಲಾಕ್ಸಿ ಎಷ್ಟೇ ದೊಡ್ಡದಾಗಿದ್ದರೂ ಅದರಲ್ಲಿ ಮುಳುಗಿಹೋಗುತ್ತದೆ. 1970ರಲ್ಲಿ ಕೆನ್ ಫ್ರೀಮನ್ ಎಂಬ ವಿಜ್ಞಾನಿ ಸುರುಳಿ ಗೆಲಾಕ್ಸಿಗಳ ತಟ್ಟೆಗಳ ಮಧ್ಯದ ಹೊಳಪು ಹೆಚ್ಚುಕಡಮೆ ಒಂದೇ ಆಗಿರುವುದನ್ನು ಗಮನಿಸಿದರು. ಆರು ವರ್ಷಗಳ ಅನಂತರ ಮೈಕ್ ಡಿಸ್ನಿ ಒಂದು ಸಂದೇಹವನ್ನೆತ್ತಿದರು: ಇದು ಪ್ರಕೃತಿಯ ನಿಯಮವಾಗಿರಲಾರದು, ನಮ್ಮ ಆಕಾಶದ ಹೊಳಪನ್ನು ಮೀರಿದವನ್ನು ಮಾತ್ರ ನಾವು ಎಣಿಸುತ್ತಿರಬಹುದು. ದೀಪದ ಕೆಳಗೆ ಕುಳಿತು ಹೊರಗಿನ ಅಂಗಳವನ್ನು ನೋಡಿ ‘ಅಲ್ಲಿ ಯಾರೂ ಇಲ್ಲ’ ಎಂದಂತೆ.

ಸಂದೇಹ ನಿಜವಾಯಿತು. ಆಸ್ಟ್ರೇಲಿಯದಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ಮಾಲಿನ್ ಎಂಬ ಛಾಯಾಗ್ರಹಣ ತಜ್ಞರು ಆಕಾಶದ ಗಾಜಿನ ಫಲಕಗಳಲ್ಲಿ ಹುದುಗಿದ್ದ ಅತಿ ಮಸಕಾದ ಬೆಳಕನ್ನು ಮೇಲೆತ್ತುವ ಒಂದು ವಿಧಾನವನ್ನು ರೂಢಿಸಿದ್ದರು. ಬೋಥನ್, ಇಂಪೀ, ಮೌಲ್ಡ್ ಎಂಬ ವಿಜ್ಞಾನಿಗಳು ಅವರೊಡನೆ ಸೇರಿ ಕನ್ಯಾರಾಶಿಯ ದಿಕ್ಕಿನ ಫಲಕಗಳನ್ನು ಶೋಧಿಸುತ್ತಿದ್ದಾಗ ಒಂದು ಮಸಕು ಮಚ್ಚೆ ಕಂಡಿತು. ಹತ್ತಿರದ ಸಣ್ಣ ಗೆಲಾಕ್ಸಿ ಇರಬಹುದೆಂದುಕೊಂಡರು. 1986ರಲ್ಲಿ ರೋಹಿತವನ್ನು ಅಳೆದು, ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಅನಿಲವನ್ನು ತೂಗಿದಾಗ ಅದು ಹತ್ತಿರದ್ದೂ ಅಲ್ಲ, ಸಣ್ಣದೂ ಅಲ್ಲ ಎಂದು ತಿಳಿಯಿತು. ದೂರ ಸುಮಾರು 120 ಕೋಟಿ ಜ್ಯೋತಿರ್ವರ್ಷ. ಅಡ್ಡಳತೆ 6 ಲಕ್ಷ ಜ್ಯೋತಿರ್ವರ್ಷಕ್ಕೂ ಮಿಗಿಲು. ನಮ್ಮ ಆಕಾಶಗಂಗೆಯದು ಒಂದು ಲಕ್ಷದ ಆಸುಪಾಸು. ಅದರಲ್ಲಿರುವ ಜಲಜನಕ 6,000 ಕೋಟಿಗೂ ಹೆಚ್ಚು ಸೂರ್ಯರ ತೂಕದ್ದು. ಅಂದರೆ ನಮ್ಮ ಗೆಲಾಕ್ಸಿಯಲ್ಲಿರುವುದಕ್ಕಿಂತ ಹಲವು ಪಟ್ಟು. ಆದರೆ ಆ ವಿಶಾಲವಾದ ತಟ್ಟೆಯ ಹೊಳಪು ರಾತ್ರಿಯ ಆಕಾಶದ ಸಹಜ ಹೊಳಪಿನ ಇಪ್ಪತ್ತರಲ್ಲೊಂದು ಪಾಲಿಗೂ ಕಡಮೆ. ಇದಕ್ಕೆ ಮಾಲಿನ್-1 ಎಂದು ಹೆಸರಿಟ್ಟರು. ನಾನು ಸಭೆಯಲ್ಲಿ ಲೋಭಿಯೆಂದು ಕರೆದದ್ದು ಇದನ್ನೇ, ಇದರ ಕುಲದವನ್ನೇ.

ಇನ್ನು ಕಾರಣ. ಅನಿಲವಿದ್ದ ಮಾತ್ರಕ್ಕೆ ನಕ್ಷತ್ರವಾಗುವುದಿಲ್ಲ. ಅದು ತಣಿಯಬೇಕು, ಒತ್ತಾಗಬೇಕು, ಪರಮಾಣುಗಳು ಜೋಡಿಯಾಗಿ ಅಣುಗಳಾಗಬೇಕು, ಅಣುಗಳ ಮೋಡ ತನ್ನ ಭಾರಕ್ಕೆ ತಾನೇ ಕುಸಿಯಬೇಕು. ಗೆಲಾಕ್ಸಿಗಳ ತಟ್ಟೆಯಲ್ಲಿ ಹರಡಿದ ಅನಿಲದ ಬಹುಪಾಲು ಸಾವಿರಾರು ಡಿಗ್ರಿ ಬಿಸಿಯಿರುತ್ತದೆ. ನಕ್ಷತ್ರ ಹುಟ್ಟುವ ಮೋಡಗಳ ಉಷ್ಣತೆ ನಿರಪೇಕ್ಷ ಶೂನ್ಯದಿಂದ ಹತ್ತಿಪ್ಪತ್ತು ಡಿಗ್ರಿ ಮಾತ್ರ ಮೇಲೆ. ಪರಮಾಣುಗಳು ಜೋಡಿಯಾಗಲು ಧೂಳಿನ ಕಣಗಳ ಮೈ ಬೇಕು. ಜೋಡಿಯಾದ ಮೇಲೆ ನೇರಳಾತೀತ ಕಿರಣಗಳು ಅವನ್ನು ಒಡೆಯದಂತೆ ಕಾಯಲಿಕ್ಕೂ ಅದೇ ಧೂಳು ಬೇಕು. ಆ ಧೂಳಾದರೂ ಎಲ್ಲಿಂದ ಬಂತು? ಹಿಂದೆ ಬಾಳಿ ಅಳಿದ ನಕ್ಷತ್ರಗಳ ಒಡಲಿನಿಂದ. ನಕ್ಷತ್ರ ಹುಟ್ಟಬೇಕಾದರೆ ಹಿಂದೆ ನಕ್ಷತ್ರಗಳು ಹುಟ್ಟಿರಬೇಕು. ಮೊದಲೇ ವಿರಳವಾಗಿದ್ದಲ್ಲಿ ಮುಂದೆಯೂ ವಿರಳ. ಮಸಕು ಗೆಲಾಕ್ಸಿಗಳಲ್ಲಿ ಭಾರಧಾತುಗಳೂ ಕಡಮೆ, ಧೂಳೂ ಕಡಮೆ. ಎಲ್ಲಕ್ಕಿಂತ ಮಿಗಿಲಾಗಿ ಅನಿಲ ತೆಳ್ಳಗೆ ಹರಡಿಕೊಂಡಿದೆ. ಹುಟ್ಟುವಾಗಲೇ ಹೆಚ್ಚಿನ ತಿರುಗುಬಲ ಪಡೆದುಬಂದ ತಟ್ಟೆ ಒಳಕ್ಕೆ ಸೇರದೆ ಅಗಲವಾಗಿಯೇ ಉಳಿಯಿತು ಎಂದು ಬಹಳ ವಿಜ್ಞಾನಿಗಳು ಭಾವಿಸುತ್ತಾರೆ. (ಇನ್ನೊಂದು ಬಗೆಯೂ ಇದೆ: ಎನ್‌ಜಿಸಿ 1266 ಎಂಬ ಗೆಲಾಕ್ಸಿಯ ನಡುವೆ ಒತ್ತಾದ ಅನಿಲವೇ ಇದೆ, ಆದರೆ ಕೇಂದ್ರದ ಕಪ್ಪುಕುಳಿಯ ಆರ್ಭಟ ಅದನ್ನು ಕದಡಿ ತಣ್ಣಗಾಗಗೊಡುತ್ತಿಲ್ಲ ಎಂದು ಊಹೆ. ಅದರ ಕಥೆ ಬೇರೆ.)

ಇಷ್ಟು ಓದಿದಾಗ ಮನಸ್ಸಿಗೆ ಪಿಚ್ಚೆನಿಸಿತು. ಬಚ್ಚಿಟ್ಟುಕೊಂಡವನ ಲಕ್ಷಣ ಒಂದೂ ಇಲ್ಲಿರಲಿಲ್ಲ. ಹಿಡಿಯಲು ಮುಷ್ಟಿಯೇ ಇಲ್ಲದ್ದನ್ನು ನಾನು ಜಿಪುಣನೆಂದಿದ್ದೆ.

ಸಭೆಯಲ್ಲಿ ಇದಕ್ಕೆ ಎದುರಾಗಿ ಒಂದು ದಾನಿಯನ್ನೂ ನಿಲ್ಲಿಸಿದ್ದೆ. ಸಪ್ತರ್ಷಿಮಂಡಲದ ದಿಕ್ಕಿನಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎಂ 82 ಎಂಬ ಗೆಲಾಕ್ಸಿ ಅದು. ಅಲ್ಲಿ ನಕ್ಷತ್ರಗಳು ಭರದಿಂದ ಹುಟ್ಟುತ್ತಿವೆ. ಚಿತ್ರದಲ್ಲಿ ಕೆಂಪು ಜ್ವಾಲೆಗಳು ಚಿಮ್ಮುವಂತೆ ಕಾಣುತ್ತದೆ. ಅದನ್ನು ಔದಾರ್ಯವೆಂದಿದ್ದೆ. ನೆರೆಯ ದೊಡ್ಡ ಗೆಲಾಕ್ಸಿ ಹತ್ತಿರ ಹಾದುಹೋದಾಗಿನ ಸೆಳೆತದಿಂದ ಅದರ ಅನಿಲ ಒಳಕ್ಕೆ ನುಗ್ಗಿತು, ಅದರ ಫಲ ಈ ಆಸ್ಫೋಟ. ಆ ವೇಗ ಬಹುಕಾಲ ನಡೆಯುವಂಥದ್ದಲ್ಲ. ಹುಟ್ಟಿದ ನಕ್ಷತ್ರಗಳ ಬಿರುಗಾಳಿಯೇ ಉಳಿದ ಅನಿಲವನ್ನು ಹೊರಕ್ಕೆ ನೂಕುತ್ತಿದೆ. ಅದು ಉದಾರಿಯೂ ಅಲ್ಲ, ದುಂದುಗಾರನೂ ಅಲ್ಲ. 2020ರ ಅಕ್ಟೋಬರಿನಲ್ಲಿ ಖೋಡದದ ದೂರದರ್ಶಕದಿಂದಲೇ ಬಂದ ಒಂದು ಫಲಿತಾಂಶವನ್ನು ಪತ್ರಿಕೆಗಳಲ್ಲಿ ಓದಿದೆ. ಪುಣೆಯ ವಿಜ್ಞಾನಿಗಳೂ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಸೇರಿ 7,653 ಗೆಲಾಕ್ಸಿಗಳ ಕ್ಷೀಣ ಸಂಕೇತಗಳನ್ನು ಒಟ್ಟುಗೂಡಿಸಿ, ಸುಮಾರು 800 ಕೋಟಿ ವರ್ಷಗಳ ಹಿಂದಿನ ಅನಿಲವನ್ನು ತೂಗಿದ್ದರು. ಆ ಕಾಲದ ಗೆಲಾಕ್ಸಿಗಳು ನಕ್ಷತ್ರಗಳನ್ನು ಹೆರುತ್ತಿದ್ದ ವೇಗಕ್ಕೆ ಅವುಗಳಲ್ಲಿದ್ದ ಅನಿಲ 100–200 ಕೋಟಿ ವರ್ಷಕ್ಕೆ ಮಾತ್ರ ಸಾಲುವಂತಿತ್ತಂತೆ. ಹೊರಗಿನಿಂದ ಹೊಸ ಅನಿಲ ಸಾಕಷ್ಟು ಬಾರದ್ದರಿಂದ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಅಂದಿನಿಂದ ಇಳಿಯುತ್ತ ಬಂದಿದೆ. ಅದೇ ಡಿಸೆಂಬರ್ 1ರಂದು ಅರೆಸಿಬೊದ ಮಹಾ ದೂರದರ್ಶಕ ಕುಸಿದುಬಿತ್ತು.

2021ರ ಕೊನೆಯಲ್ಲಿ, ಓಡಾಟ ಸಲೀಸಾದ ಮೇಲೆ, ಹಳ್ಳಿಗೆ ಹೋದೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವ ಮನೆಯಲ್ಲಿ ಸಂಜೆಗಳು ಬಹಳ ಉದ್ದ. ಜಗಲಿಯ ಮೇಲೆ ಅಡಿಕೆಯ ಚೀಲಗಳಿಗೆ ಒರಗಿ ಕುಳಿತು, ‘ನಿನ್ನ ಪ್ರಶ್ನೆಗೆ ಉತ್ತರ ತಂದಿದ್ದೇನೆ’ ಎಂದೆ. ‘ಯಾವ ಪ್ರಶ್ನೆ?’ ಎಂದ. ಮರೆತಿದ್ದನೋ, ಮರೆತಂತೆ ನಟಿಸಿದನೋ ತಿಳಿಯಲಿಲ್ಲ. ಮೇಲಿನದನ್ನೆಲ್ಲ ಹೇಳಿದೆ. ಕೊನೆಗೆ ಅಲಾರ್ ಟೂಮ್ರೆ 1964ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಅವನ ಮುಂದಿಟ್ಟೆ. ತಿರುಗುವ ತಟ್ಟೆಯಲ್ಲಿ ಸಣ್ಣ ಗಂಟುಗಳನ್ನು ಅನಿಲದ ಒತ್ತಡ ಚೆದರಿಸುತ್ತದೆ, ದೊಡ್ಡ ಗಂಟುಗಳನ್ನು ತಟ್ಟೆಯ ಪರಿಭ್ರಮಣ ಚೆದರಿಸುತ್ತದೆ. ಇವೆರಡರ ನಡುವೆ ಗುರುತ್ವಕ್ಕೆ ಒಂದು ಸಂದಿ ಸಿಗುವುದೋ ಇಲ್ಲವೋ ಎಂಬುದೇ ಪ್ರಶ್ನೆ. ಟೂಮ್ರೆ ಅದನ್ನು ನಕ್ಷತ್ರಗಳ ತಟ್ಟೆಗೆ ಮಾಡಿದ್ದರು. ಅನಿಲದ ತಟ್ಟೆಗೂ ಅಲ್ಪ ಬದಲಾವಣೆಯೊಡನೆ ಅದು ಹೊಂದುತ್ತದೆ. ಗೆಲಾಕ್ಸಿಗಳಲ್ಲಿ ಇಂತಹ ಒಂದು ಹೊಸ್ತಿಲಿನಿಂದ ಕೆಳಗೆ ನಕ್ಷತ್ರಗಳ ಹುಟ್ಟು ಥಟ್ಟನೆ ಕುಗ್ಗುವುದನ್ನು 1989ರಲ್ಲಿ ರಾಬರ್ಟ್ ಕೆನಿಕಟ್ ತೋರಿಸಿಕೊಟ್ಟರು.

ತಮ್ಮ ಒಂದು ಹಳೆಯ ಲಗ್ನಪತ್ರಿಕೆಯನ್ನು ತೆಗೆದುಕೊಂಡು ಅದರ ಬೆನ್ನಿನ ಮೇಲೆ ಬರೆಯತೊಡಗಿದ. ‘ಇದು ಬರಿಯ ವರ್ಗಸಮೀಕರಣ. ಶೋಧಕ ಋಣವಾಗಿದ್ದರೆ ಕುಸಿತವಿಲ್ಲ, ಅಷ್ಟೇ’ ಎಂದ. ನಾನು ಮೂರು ದಿನ ಒದ್ದಾಡಿದ್ದನ್ನು ಅವನು ತಾಂಬೂಲ ಮಡಿಸುವಷ್ಟರಲ್ಲಿ ಮುಗಿಸಿದ. ಆಮೇಲೆ ಮಾಲಿನ್-1ರ ಅನಿಲವನ್ನು ಅದರ ವಿಸ್ತೀರ್ಣದಿಂದ ಭಾಗಿಸಿದ. 3.26 ಜ್ಯೋತಿರ್ವರ್ಷ ಉದ್ದಗಲದ ಒಂದೊಂದು ಚೌಕಕ್ಕೆ ಸರಾಸರಿ ಎರಡು ಸೂರ್ಯರಷ್ಟು ಅನಿಲ ಬಂತು. ನಕ್ಷತ್ರ ಹುಟ್ಟುವ ಮೋಡಗಳಲ್ಲಿ ಎಷ್ಟಿರುತ್ತದೆ ಎಂದು ಕೇಳಿದ. ಸುಮಾರು ನೂರು ಎಂದೆ. ಬಹಳ ಹೊತ್ತು ಕಾಗದವನ್ನೇ ನೋಡಿ ಹೇಳಿದ: ‘ಅಣ್ಣ, ಈ ಲೆಕ್ಕದಲ್ಲಿ ಒಟ್ಟು ಎಷ್ಟು ಅನಿಲ ಇದೆ ಎಂಬ ಸಂಖ್ಯೆ ಎಲ್ಲಿಯೂ ಬರುವುದೇ ಇಲ್ಲವಲ್ಲ!’

ನಿಜ. ಆ ತಟ್ಟೆಯ ಒಂದೊಂದು ಜಾಗದಲ್ಲಿ ಅನಿಲ ಎಷ್ಟು ಒತ್ತಾಗಿದೆ, ಎಷ್ಟು ಕದಡಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದಷ್ಟೇ ಲೆಕ್ಕ. ನನ್ನ ಉಪನ್ಯಾಸ ನಿಂತಿದ್ದದ್ದು ಮಾತ್ರ ಒಟ್ಟು ಮೊತ್ತದ ಮೇಲೆ.

ಆಗ ಹೇಳಲು ಧೈರ್ಯ ಬಂತು. ‘ಆ ದಿನ ಭವನದಲ್ಲಿ ನಾನು ಆಡಿದ ಮಾತು ನಿನ್ನನ್ನು ಕುರಿತದ್ದು. ತಪ್ಪಾಯಿತು’ ಎಂದೆ. ‘ಗೊತ್ತಿತ್ತು. ಮಾತು ಮುಗಿಯುವಾಗ ನಿನ್ನ ಕಣ್ಣು ನನ್ನ ಮೇಲೆ ಬಂದು ನಿಂತಿತ್ತು’ ಎಂದ. ಅವನ ಮಡದಿ ಒಳಗಿನಿಂದ ಬರುತ್ತಿದ್ದವಳು ಬಾಗಿಲಲ್ಲೇ ನಿಂತಳು. ನಾನು ಅಷ್ಟಕ್ಕೇ ಸುಮ್ಮನಿರಬಹುದಾಗಿತ್ತು. ಆದರೆ ಉಪನ್ಯಾಸಕನ ನಾಲಗೆ! ‘ಈಗ ಅರ್ಥವಾಗಿದೆ. ನೀನೂ ಆ ಗೆಲಾಕ್ಸಿಯ ಹಾಗೆಯೇ, ಆದರೆ ನಾನಂದ ಅರ್ಥದಲ್ಲಿ ಅಲ್ಲ. ನಿನ್ನಲ್ಲಿದ್ದದ್ದನ್ನೆಲ್ಲ ತೋಟಕ್ಕೆ, ಅಪ್ಪನಿಗೆ, ಊರಿನ ಮಕ್ಕಳಿಗೆ ತೆಳ್ಳಗೆ ಹಂಚಿಬಿಟ್ಟೆ. ಅದಕ್ಕೇ ಒಂದೆಡೆ ಒತ್ತಾಗಿ ಹೊಳೆಯಲಿಲ್ಲ’ ಎಂದೆ. ಹೇಳುತ್ತಿದ್ದಂತೆ ನನಗೇ ಕಣ್ಣು ತೇವವಾಯಿತು.

ಅವನಿಗೆ ಆಗಲಿಲ್ಲ. ಮೊದಲ ಸಲ ಅವನ ದನಿಯಲ್ಲಿ ಬೇಸರ ಕಂಡೆ. ‘ಆಗ ಲೋಭಿ ಮಾಡಿದೆ, ಈಗ ತ್ಯಾಗಿ ಮಾಡುತ್ತಿದ್ದೀಯ. ಎರಡೂ ನಾನಲ್ಲ. ಮುಂಬಯಿಯ ಕಾಗದ ಬಂದಾಗ ಅಪ್ಪ ಗಟ್ಟಿಮುಟ್ಟಾಗಿಯೇ ಇದ್ದರು. ಅವರು ಮಲಗಿದ್ದು ಅದಾದ ಏಳು ತಿಂಗಳ ಮೇಲೆ. ನೀನು ಆಗ ಊರಲ್ಲಿರಲಿಲ್ಲ, ನಿನಗೆ ನೆನಪಿಲ್ಲ. ಹೋಗುವಂತೆ ಅವರೇ ಎರಡು ಸಲ ಹೇಳಿದರು. ನನಗೆ ಮನಸ್ಸಿರಲಿಲ್ಲ. ಲೆಕ್ಕ ನನಗೆ ಇಷ್ಟ. ಲೆಕ್ಕ ಮಾಡಿ ಹೆಸರು ಮಾಡಬೇಕು ಎಂದು ಅನ್ನಿಸಲೇ ಇಲ್ಲ. ಅದಕ್ಕೆ ಒಂದು ಕಾರಣ ಹುಡುಕಲೇಬೇಕೇನು?’

ಈ ಏಳು ತಿಂಗಳ ಅಂತರ ನಮ್ಮ ಕುಟುಂಬದ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಅವನನ್ನು ಹಳಿದವರೂ, ಕರುಣೆಯಿಂದ ಹೊಗಳಿದವರೂ ಅದೇ ತಪ್ಪು ತಾರೀಖನ್ನು ಇಟ್ಟುಕೊಂಡಿದ್ದೆವು. ಒಬ್ಬರೂ ಅವನನ್ನು ಕೇಳಿರಲಿಲ್ಲ. ಗೆಲಾಕ್ಸಿಯ ವಿಷಯ ತಿಳಿಯಲು ಹದಿನೈದು ಪ್ರಬಂಧಗಳನ್ನು ಓದಿದ ನಾನು, ಅಡಿಕೆ ಚೀಲದ ಆ ಬದಿಯಲ್ಲಿ ಕುಳಿತವನನ್ನು ನಲವತ್ತು ವರ್ಷ ಒಂದು ಮಾತು ಕೇಳಿರಲಿಲ್ಲ.

ತಪ್ಪು ಆಡಿದ್ದು ಸಭೆಯಲ್ಲಿ; ಜಗಲಿಯ ಮೇಲೆ ತಿದ್ದಿದರೆ ಸಾಲದು ಎನಿಸಿತು. ಮುಂದಿನ ವರ್ಷ ಅದೇ ಭವನದವರನ್ನು ನಾನೇ ಕೇಳಿಕೊಂಡು ಒಂದು ಗಂಟೆ ಅವಕಾಶ ಪಡೆದೆ. ತಮ್ಮನ ಹೆಸರೆತ್ತಲಿಲ್ಲ, ಅವನು ಬೇಡವೆಂದಿದ್ದ. ಹಿಂದಿನ ಉಪಮೆ ತಪ್ಪು, ಅದನ್ನು ಮನುಷ್ಯರಿಗೆ ಹಚ್ಚಿದ್ದು ಇನ್ನೂ ದೊಡ್ಡ ತಪ್ಪು ಎಂದು ಹೇಳಿ, 21 ಸೆಂಟಿಮೀಟರಿನ ಅಲೆಯಿಂದ ಟೂಮ್ರೆಯವರೆಗೆ ವಿವರಿಸಿದೆ. ಯಾರೂ ನಗಲಿಲ್ಲ. ಹಿಂದಿನ ಸಾಲುಗಳಲ್ಲಿ ಇಬ್ಬರು ಮೂವರು ಎದ್ದುಹೋದರು. ಕೊನೆಯಲ್ಲಿ ಹಿರಿಯರೊಬ್ಬರು ಕೈಹಿಡಿದು, ‘ಆ ಲೋಭಿ ಗೆಲಾಕ್ಸಿಯ ಭಾಷಣ ಇದಕ್ಕಿಂತ ಚೆನ್ನಾಗಿತ್ತು, ನಾನು ಈಗಲೂ ಎಲ್ಲರಿಗೂ ಹೇಳುತ್ತಿರುತ್ತೇನೆ’ ಎಂದರು. ಪಕ್ಕದ ಊರಿನ ಒಂದು ಟ್ರಸ್ಟಿನಿಂದಲೂ ‘ಹಳೆಯ ಆ ಉಪನ್ಯಾಸವನ್ನೇ ದಯಮಾಡಿ ನಮ್ಮಲ್ಲಿಯೂ ಮಾಡಿಕೊಡಿ’ ಎಂದು ಕಾಗದ ಬಂತು. ಉತ್ತರ ಬರೆದು ಕಾರಣ ತಿಳಿಸಿದ್ದೇನೆ. ಈ ಲೇಖನ ಬರೆಯಲು ಅದೂ ಒಂದು ನಿಮಿತ್ತ.

ಆ ಎರಡನೆಯ ಸಭೆಗೂ ತಮ್ಮ ಬಂದಿದ್ದ, ಅದೇ ಮೂರನೆಯ ಸಾಲಿಗೆ. ಬಸ್ ನಿಲ್ದಾಣಕ್ಕೆ ನಡೆಯುತ್ತ, ‘ಮಾಲಿನ್-1ರ ನಟ್ಟನಡುವೆ ಏನಿದೆ ಎಂದು ಹೇಳಲಿಲ್ಲ’ ಎಂದ. ಈ ಸಲ ನಿಜವಾಗಿಯೂ ಸಮಯ ಸಾಲದೆ ಬಿಟ್ಟಿದ್ದೆ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕಲ್ಲುಬೆಂಚಿನ ಮೇಲೆ ಕುಳಿತು, ಹಬಲ್ ದೂರದರ್ಶಕದ ಚಿತ್ರವನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಸಂಗತಿಯನ್ನು ಹೇಳಿದೆ: ಅಷ್ಟು ವಿಶಾಲವಾದ ಮಸಕು ತಟ್ಟೆಯ ನಡುವೆ ನಮ್ಮ ನೆರೆಹೊರೆಯಲ್ಲಿ ಎಲ್ಲೆಲ್ಲಿಯೂ ಕಾಣುವಂತಹ ಒಂದು ಸಾಮಾನ್ಯ, ಪಟ್ಟಿಯುಳ್ಳ ಗೆಲಾಕ್ಸಿ ಕುಳಿತಿದೆ, ಹೊರಗಿನ ಮಸಕಿನಲ್ಲಿಯೂ ಅಲ್ಲಲ್ಲಿ ನೀಲಿ ಚುಕ್ಕೆಗಳಿವೆ, ಅವು ಈಚೆಗೆ ಹುಟ್ಟಿದ ನಕ್ಷತ್ರಗಳು. ‘ಹಾಗಾದರೆ ಹುಟ್ಟುವುದು ನಿಂತೇ ಇಲ್ಲ’ ಎಂದ. ಇಲ್ಲ ಎಂದೆ. ಅಷ್ಟರಲ್ಲಿ ಬಸ್ಸು ಬಂತು.